ಅಕ್ಕನ ದಾಖಲೆ, ತಂಗಿಯ ಬೆನ್ನು

ಬುಧವಾರ, ಸಂಜೆ

ನನ್ನ ಮೊಂಡಿ ತಂಗಿಗೆ ಅಕ್ಕನ ಮುದ್ದು, ಜೊತೆಗೊಂದಿಷ್ಟು ಬೈಗುಳ.

ಫೋನ್ ಮಾಡಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಭಾವ ಇದನ್ನು ತಂದು ಕೈಗೆ ಕೊಡುತ್ತಾರೆ. ಓದಿ ಮುಗಿಸದೆ ಜಿಮ್‌ಗೆ ಹೋಗಬೇಡ.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ನೀನು ಕಳಿಸಿದ ವಿಡಿಯೋ ನೋಡಿ ಮೈಯೆಲ್ಲ ಉರಿಯಿತು. ನಾನಿಲ್ಲಿ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಬಿದ್ದಿದ್ದೇನೆ, ಒಂದು ಬಕೆಟ್ ನೀರೆತ್ತಲೂ ನಿನ್ನ ಭಾವನನ್ನು ಕರೆಯಬೇಕು. ನೀನೋ, ನನ್ನದೇ ಹಳೇ ಬೆಲ್ಟ್ ಬಿಗಿದುಕೊಂಡು, ಭಾರದ ಬಾರ್ ಎತ್ತಿ ಹಲ್ಲು ಕಿರಿಯುತ್ತಿದ್ದೀಯ. ಜಿಮ್ ಗೋಡೆಯ ಹಲಗೆಯಲ್ಲಿ, ಹೆಂಗಸರ ದಾಖಲೆ ಎಂದಿರುವ ಕಡೆ ಈಗಲೂ ನನ್ನ ಹೆಸರಿದೆ. ನನಗೆ ಉಳಿದಿರುವುದು ಅದೊಂದೇ. ನಿನ್ನ ಭಾವ ವಿಡಿಯೋ ನೋಡಿ, "ಇವ್ಳು ನಿನ್ನನ್ನೇ ಮೀರಿಸ್ತಾಳೆ ಬಿಡು" ಅಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಈಗ ಕೇಳು. ಬಾರ್ ನೆಲ ಬಿಡುವ ಮೊದಲೇ ನಿನ್ನ ಸೊಂಟ ಮೇಲೇಳುತ್ತಿದೆ, ಕೆಳಬೆನ್ನು ಬಾಗುತ್ತಿದೆ. ನನ್ನ ಬೆನ್ನು ಹೋದದ್ದೂ ಹೀಗೆಯೇ. ಬೆಳಿಗ್ಗೆ ಎಡಗಾಲು ಜೋಮು ಹಿಡಿಯುತ್ತದೆ ಅಂತ ಅಮ್ಮನ ಹತ್ತಿರ ಹೇಳಿದ್ದೀಯಂತೆ. ಅದನ್ನು ಸುಸ್ತು ಅಂದುಕೊಂಡು ಕೂರಬೇಡ, ಡಾಕ್ಟರಿಗೆ ತೋರಿಸು. ಅವರು ಹೂಂ ಅಂದ ಮೇಲೆ ಕಡಿಮೆ ಭಾರದಿಂದ ಶುರುಮಾಡು. ಹೊಟ್ಟೆ ತುಂಬ ಉಸಿರು ಹಿಡಿದು, ಬೆನ್ನು ನೇರ ನಿಲ್ಲುವಷ್ಟೇ ಎತ್ತು.

ಆದರೆ ನೀನು ನಾಳೆಯೇ ಇನ್ನೂ ಐದು ಕಿಲೋ ಸೇರಿಸಿ ನನ್ನ ದಾಖಲೆ ಮುರಿಯುತ್ತೀಯಂತೆ. ಮೊನ್ನೆ ಫೋನಿನಲ್ಲಿ ನಾನು ಬೇಡ ಅಂದದ್ದಕ್ಕೆ ಕೋಚ್ ಹತ್ತಿರ, "ಅಕ್ಕಂಗೆ ಹೊಟ್ಟೆಕಿಚ್ಚು, ಅದಕ್ಕೇ ಬೇಡ ಅಂತಾಳೆ" ಅಂತ ನಕ್ಕೆಯಂತೆ. ಹೊಟ್ಟೆಕಿಚ್ಚು ನಿಜ ಕಣೇ. ಬೆನ್ನು ಬಾಗುತ್ತಿರುವುದೂ ನಿಜ. ಒಂದು ನಿಜ ಇದೆ ಅಂತ ಇನ್ನೊಂದು ಸುಳ್ಳಾಗುತ್ತದೆಯೇ?

ಇಂತಿ,
ಉರಿದುಕೊಂಡೇ ನಿನ್ನನ್ನು ಪ್ರೀತಿಸುವ
ಅಕ್ಕ

ತಾ.ಕ.: ಇದನ್ನು ಮರೆತಿದ್ದೆ ಅಂತ ಬರೆಯೋಣ ಅಂದುಕೊಂಡೆ. ಮರೆತಿರಲಿಲ್ಲ. ನೀನು ಬಾರ್‌ಗೆ ಹಾಕಿದ ಎರಡು ಕಪ್ಪು ಪ್ಲೇಟುಗಳ ಮೇಲೆ ಹದಿನೈದು ಅಂತಿದೆಯಲ್ಲ, ಅವು ಇಪ್ಪತ್ತು ಕಿಲೋದವು. ಬಣ್ಣ ಬಳಿಯುವಾಗ ಅಂಕಿ ತಪ್ಪಾಗಿ ಬರೆದಿದ್ದರು. ನಮ್ಮ ಕಾಲದವರಿಗೆಲ್ಲ ಗೊತ್ತು, ನಿಮ್ಮ ಹೊಸ ಕೋಚ್‌ಗೆ ಗೊತ್ತಿಲ್ಲ. ನೀನು ಅಂದುಕೊಂಡದ್ದಕ್ಕಿಂತ ಹತ್ತು ಕಿಲೋ ಹೆಚ್ಚೇ ಎತ್ತಿದ್ದೀಯ, ಬೆನ್ನು ಬಾಗಿದ್ದು ಅದಕ್ಕೇ. ವಿಡಿಯೋ ನೋಡಿದ ಕೂಡಲೇ ನನಗೆ ತಿಳಿಯಿತು, ವಾರವಿಡೀ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ, ನನ್ನ ದಾಖಲೆಯನ್ನು ನೀನು ಅವತ್ತೇ ಮುರಿದಾಯಿತು ಅಂತ ಹೇಳಬೇಕಾಗುತ್ತಿತ್ತು. ಹೋಗು, ನನ್ನ ಹೆಸರು ಅಳಿಸಿ ನಿನ್ನದು ಬರೆಸಿಕೋ. ಬಾರ್ ಮಾತ್ರ ಮುಟ್ಟಬೇಡ.