ರಜೆಯ ಕ್ಲಾಸಿಗೆ ಸಾಂಬ್ರಾಣಿ

ಉಮ್ಮಾ,

ಸಾರಿ. ಇದ್ದಾಗ ಓದಲು ಬಾರದಿದ್ದ ನಿಮಗೆ, ತೀರಿಹೋದ ಮೇಲೆ ಬರೆಯುತ್ತಿದ್ದೇನೆ.

ನಾನೀಗ ಮಾಸ್ಟರ್ ಟ್ರೇನಿಂಗಿನ ಫಸ್ಟ್ ಇಯರ್. ರಜೆಯಲ್ಲಿ ಈಶ್ವರಮಂಗಲದ ಮಕ್ಕಳಿಗೆ ಪಾಠ ಮಾಡಲು ಕಳಿಸಿದ್ದಾರೆ. ನಿನ್ನೆಯೆಲ್ಲ "ಸೈಲೆನ್ಸ್" ಎಂದು ಕೂಗಿ ಸ್ವರವೇ ಕೂತಿತು. ಇವತ್ತೂ ಹಾಗೇ ಆದೀತೆಂಬ ಹೆದರಿಕೆಯಿಂದ, ಮನೆಯಲ್ಲಿ ಪ್ರವಾದಿಯ ಸ್ತುತಿ ಓದುವಾಗ ನೀವು ಮಾಡುತ್ತಿದ್ದ ಹಾಗೆ, ಮೂಲೆಯಲ್ಲಿ ಕೆಂಡವಿಟ್ಟು ಚೂರು ಸಾಂಬ್ರಾಣಿ ಹಾಕಿದೆ. ಪರಿಮಳ ಬಂದದ್ದೇ ತಡ, ಎಲ್ಲರೂ ತಲೆಗೆ ಬಟ್ಟೆ ಹೊದ್ದು ಚಕ್ಕಳಮಕ್ಕಳ ಹಾಕಿ ಕುಳಿತರು. ಪಾಠ ಪೂರ್ತಿ ಆಯಿತು!

ಕೊನೆಗೆ ಪುಟ್ಟ ಮೈಮೂನ ಕೇಳಿದಳು, "ಮಾಸ್ಟ್ರೇ, ಮೌಲೂದ್ ಮುಗೀತಲ್ಲ, ತುಪ್ಪದ ಅನ್ನ ಎಲ್ಲುಂಟು?"

ನಗು ತಡೆಯಲಾಗಲಿಲ್ಲ. "ನಾಡಿದ್ದು ತರ್ತೇನೆ ಮಾರಾಯ್ತಿ" ಎಂದುಬಿಟ್ಟೆ.

ಹಾಸ್ಟೆಲಿನಲ್ಲೇ ಬೆಳೆದ ನನಗೆ ಗಂಜಿ ಬೇಯಿಸಲೂ ಗೊತ್ತಿಲ್ಲ. ಒಂದು ಸೇರು ಅಕ್ಕಿಗೆ ನೀವು ಎಷ್ಟು ತುಪ್ಪ ಹಾಕುತ್ತಿದ್ದಿರಿ? ಅಲ್ಲಿ ಓದು ಬಲ್ಲ ಯಾರ ಕೈಯಲ್ಲಾದರೂ ಬರೆಸಿ, ಬೇಗ ಉತ್ತರ ಕಳಿಸಿ.

ನಿಮ್ಮ
ಆದಂ ಕುಂಞಿ