ಬಾಬ್ ಜೆಬ್ಲಿಯಲ್ಲಿ ನೀವು ಕೊಂಡ ಮೀನು

ನನ್ನ ಪ್ರೀತಿಯ ಅತ್ತಿಗೆ ಲಲ್ಲಾ ನಜೀಹಾ,

ಹೋದ ಶುಕ್ರವಾರ ಬಂದರಿನಲ್ಲಿ ನಿಮ್ಮನ್ನು ಬೀಳ್ಕೊಡಲು ನಿಂತಾಗ ಒಂದು ಮಾತು ಹೇಳಬೇಕೆಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಹಡಗು ಕೂಗಿತು. ನಿಮ್ಮ ಹೊಸ ಯಜಮಾನರು ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು "ಬೇಗ ಬಾ, ಕೂರೋಕೆ ಜಾಗ ಸಿಗಲ್ಲ" ಎಂದು ಕರೆದರು. ನೀವು ಓಡಿದಿರಿ. ಆ ಓಟವನ್ನು ನೋಡುತ್ತ ನಿಂತೆ, ನನ್ನ ಮಾತು ನನ್ನಲ್ಲೇ ಉಳಿಯಿತು.

ಈ ವಯಸ್ಸಿನಲ್ಲಿ ಮತ್ತೆ ಮದುವೆಯಾಗಿ ಕೆರ್ಕೆನಾ ದ್ವೀಪಕ್ಕೆ ಹೊರಟ ನಿಮ್ಮನ್ನು ಕುರಿತು ನಮ್ಮ ಬೀದಿಯವರು ಏನೇನು ಆಡಿಕೊಂಡರೆಂದು ನಿಮಗೆ ಗೊತ್ತೇ ಇದೆ. "ಅವಳಿಗೆಲ್ಲಿಂದ ಬಂತು ಈ ಧೈರ್ಯ?" ಎಂದು ಎದುರುಮನೆಯ ಹಲ್ಲೂಮಾ ನನ್ನನ್ನೇ ಕೇಳಿದಳು. ನಾನು ನಕ್ಕೆ. ನಿಮ್ಮ ಗುಂಡಿಗೆ ಎಂಥದ್ದೆಂದು ನಾನು ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಬಾಬ್ ಜೆಬ್ಲಿಯ ಮೀನು ಮಾರುಕಟ್ಟೆಯಲ್ಲಿ ನೋಡಿದ್ದೆ. ಆ ದಿನದ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಲಿಲ್ಲ. ಈಗ ಬರೆಯುತ್ತೇನೆ.

ನಾನು ಕೈರುವಾನಿನವಳು. ಕಡಲು ಕಾಣದ ಊರು, ಡಬ್ಬಿಯಲ್ಲಿ ಬರುವುದೇ ನಮಗೆ ಮೀನು. ಕಡಲ ದಂಡೆಯ ಸ್ಫಾಕ್ಸಿಗೆ ಮದುವೆಯಾಗಿ ಹೋಗುತ್ತೇನೆಂದಾಗ ನನ್ನ ತಂಗಿಯರು "ಇನ್ನು ನಿನ್ನ ಬೆವರೂ ಮೀನಿನ ವಾಸನೆ ಹೊಡೆಯುತ್ತೆ ಬಿಡು" ಎಂದು ಗೇಲಿ ಮಾಡಿದ್ದರು. ಬಂದು ನೋಡಿದರೆ ಈ ಮನೆಯಲ್ಲಿ ಮೀನಿನ ಸುಳಿವೇ ಇಲ್ಲ. ಬೀದಿಯ ಎಲ್ಲ ಅಡುಗೆಮನೆಗಳಿಂದಲೂ ಜೀರಿಗೆ ಹಾಕಿದ ಮೀನುಸಾರಿನ ಪರಿಮಳ ಬರುತ್ತಿತ್ತು. ನಮ್ಮ ಒಲೆಯ ಮೇಲೆ ಮಾತ್ರ ಬರೀ ಕಡಲೆ, ಕುರಿಮಾಂಸ, ಬೆಂಡೆಕಾಯಿ. ನನ್ನ ಯಜಮಾನರು, ನಿಮ್ಮ ತಮ್ಮ ಶಾಕಿರ್, ನನಗೆ ಕಾರಣ ಹೇಳಿದ್ದರು. ನಿಮ್ಮ ಮೊದಲ ಯಜಮಾನರು ಲಸ್ಸಾದ್ ನಮ್ಮ ಮದುವೆಗೆ ಆರು ವರ್ಷ ಮುಂಚೆ ದೋಣಿಯ ನಾಯಕ ರಾಯಿಸ್ ತಿಜಾನಿಯ ಜೊತೆ ಬಲೆ ಬಿಡಲು ಹೋಗಿ ಬಿರುಗಾಳಿಗೆ ಸಿಕ್ಕಿದ್ದರು. ದೋಣಿ ಮರಳಿತು, ಅವರು ಮರಳಲಿಲ್ಲ. ಹೂಳಲು ದೇಹವೂ ದಕ್ಕಲಿಲ್ಲ. ಅಂದಿನಿಂದ ಅತ್ತೆಯವರು ಮನೆಯೊಳಗೆ ಮೀನು ತರಕೂಡದೆಂದು ಕಟ್ಟು ಮಾಡಿದ್ದರು. ತವರಿಗೆ ಮರಳಿದ್ದ ನೀವೂ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ಆದರೆ ಸ್ಫಾಕ್ಸಿನಲ್ಲಿ ಮದುವೆ ಎಂದಮೇಲೆ ಮೀನು ದಾಟುವ ದಿನ ಬಂದೇ ಬರುತ್ತದಲ್ಲ. ಹೊಸ ಹೆಣ್ಣು ಗಂಡು ಒಂದು ದೊಡ್ಡ ಮೀನನ್ನು ಏಳು ಸಲ ದಾಟಬೇಕು. ಆಗಲೇ ಸಂಸಾರಕ್ಕೆ ಕಣ್ಣು ಬೀಳುವುದಿಲ್ಲ, ಮಡಿಲು ತುಂಬುತ್ತದೆ. ಅತ್ತೆಯವರು ಯೋಚಿಸಿ ಯೋಚಿಸಿ, "ಹಿಟ್ಟು ನಾದಿ ಒಂದು ಮೀನು ಮಾಡಿಡ್ತೀನಿ, ಅದನ್ನೇ ದಾಟಲಿ" ಎಂದರು. ಸುದ್ದಿ ಹಲ್ಲೂಮಾಳ ಕಿವಿಗೆ ಬಿತ್ತು. ಮಾಳಿಗೆಯ ಮೇಲೆ ಬಟ್ಟೆ ಹರವುತ್ತ ಇಡೀ ಬೀದಿಗೆ ಕೇಳುವಂತೆ ಕೂಗಿದಳು: "ಹಿಟ್ಟಿನ ಮೀನು ದಾಟಿದ್ರೆ ಹಿಟ್ಟಿನ ಮಕ್ಕಳೇ ಹುಟ್ಟೋದು ಕಣ್ರೇ! ಮಳೆ ಬಂದಾಗ ಒಳಗೆ ಎತ್ತಿಟ್ಕೋಬೇಕಾಗುತ್ತೆ!"

ಎಲ್ಲರೂ ನಕ್ಕರು. ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಕಣ್ಣೀರು ಹಾಕಿದೆ. ನೀವು ಬಾಗಿಲಲ್ಲಿ ನಿಂತು ನೋಡಿದಿರಿ. ಮರುದಿನ ಬೆಳಿಗ್ಗೆ ಅತ್ತೆಯವರು ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ನೀವು ಮೊಳೆಗೆ ತೂಗುಹಾಕಿದ್ದ ಈಚಲಗರಿಯ ಬುಟ್ಟಿಯನ್ನು ಇಳಿಸಿ, ಧೂಳು ಕೊಡವಿ, ನನ್ನ ಕಡೆ ತಿರುಗಿ, "ಮುನಿಯಾ, ಚಪ್ಪಲಿ ಹಾಕ್ಕೋ" ಎಂದಿರಿ. ಅಷ್ಟೇ.

ದಾರಿಯುದ್ದಕ್ಕೂ ಬಿರಬಿರನೆ ನಡೆದಿರಿ. ಕೋಟೆಗೋಡೆಯ ಪಕ್ಕದ ಮಾರುಕಟ್ಟೆಯ ಬಾಗಿಲಿಗೆ ಬಂದಾಗ ಮಾತ್ರ ತಟಕ್ಕನೆ ನಿಂತಿರಿ. ಒಳಗಿನಿಂದ ಉಪ್ಪು, ಮಂಜುಗಡ್ಡೆ, ಹಸಿಮೀನು ಎಲ್ಲ ಬೆರೆತ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ನಿಮ್ಮ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಉಗುರು ನಾಟುವಷ್ಟು ಬಿಗಿಯಾಗಿ. ನನಗೆ ನೋವಾಗುತ್ತಿತ್ತು, ಬಿಡಿಸಿಕೊಳ್ಳಲಿಲ್ಲ. ವಾಪಸು ಹೋಗೋಣವೇ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ನೀವು ಒಂದು ದೀರ್ಘ ಉಸಿರೆಳೆದು, ತಲೆವಸ್ತ್ರ ಸರಿಮಾಡಿಕೊಂಡು, ನೀರಿಗಿಳಿಯುವವರ ಹಾಗೆ ಒಳಗೆ ಕಾಲಿಟ್ಟಿರಿ.

ಆಮೇಲೆ ಆದದ್ದನ್ನು ನಾನು ಎಷ್ಟು ಸಲ ನೆನೆದಿದ್ದೇನೋ! "ಕುಣಿಯೋ ಮೀನು, ಕುಣಿಯೋ ಮೀನು!" ಎಂದು ಅರಚುತ್ತಿದ್ದವನು ನಿಮ್ಮನ್ನು ಕಂಡು ಅರ್ಧಕ್ಕೇ ನಿಲ್ಲಿಸಿದ. ಅವನ ಪಕ್ಕದವನು ತಿರುಗಿ ನೋಡಿ ಟೋಪಿ ತೆಗೆದ. ಸಾಲಿನಿಂದ ಸಾಲಿಗೆ ಮೌನ ಹಬ್ಬಿತು. ಹಿಂದೆ ನೀವು ಈ ಮಾರುಕಟ್ಟೆಗೆ ಬಂದರೆ ವ್ಯಾಪಾರಿಗಳು ಹಳೆಯ ಮೀನನ್ನು ಗೋಣಿಯ ಕೆಳಗೆ ಬಚ್ಚಿಡುತ್ತಿದ್ದರಂತೆ. ಆಮೇಲೆ ಅವರೇ ಹೇಳಿ ನಗಾಡಿದರು. ಆದರೆ ಆಗ ಯಾರೂ ನಗಲಿಲ್ಲ. ನೀವು ಮಾತ್ರ ಏನೂ ಆಗಿಲ್ಲವೆಂಬಂತೆ ಒಂದೊಂದೇ ಹಲಗೆಯ ಮುಂದೆ ನಿಂತಿರಿ. ಒಂದರ ಕಿವಿರು ಎತ್ತಿ ನೋಡಿದಿರಿ, ಇನ್ನೊಂದರ ಬೆನ್ನು ಒತ್ತಿದಿರಿ, ಮತ್ತೊಂದನ್ನು ಮೂಸಿ ಪಕ್ಕಕ್ಕಿಟ್ಟಿರಿ. ಮೊದಮೊದಲು ಬೆರಳ ತುದಿಯಲ್ಲಷ್ಟೇ ಮುಟ್ಟುತ್ತಿದ್ದಿರಿ. ಮೂರು ನಾಲ್ಕು ಮೀನು ಮುಟ್ಟುವಷ್ಟರಲ್ಲಿ ಇಡೀ ಅಂಗೈ ಊರಿ ನೋಡತೊಡಗಿದಿರಿ.

ಕೊನೆಯ ಅಂಗಡಿಯಲ್ಲಿ ಮಂಜುಗಡ್ಡೆಯ ಮೇಲೆ ಒಂದು ಭಾರೀ ಮನ್ನಾನಿ ಮೀನು ಮಲಗಿತ್ತು. ಕಂದು ಮೈ, ಬಂಡೆಯ ಮೇಲಿನ ಪಾಚಿಯಂಥ ಮಚ್ಚೆಗಳು, ದಪ್ಪ ತುಟಿ. ಅದರ ಹಿಂದೆ ಕೂತಿದ್ದವರು ರಾಯಿಸ್ ತಿಜಾನಿ. ಆ ಬಿರುಗಾಳಿಯ ದಿನದ ನಂತರ ಅವರು ದೋಣಿ ಮಾರಿ ಕಡಲಿಗೆ ಬೆನ್ನು ಹಾಕಿ ಅಂಗಡಿಯಲ್ಲಿ ಕೂತರೆಂದು ನನಗೆ ಗೊತ್ತಿರಲಿಲ್ಲ. ನಿಮ್ಮನ್ನು ಕಂಡು ಎದ್ದು ನಿಂತರು. ಎಲ್ಲಿ ನೋಡಬೇಕೆಂದು ತಿಳಿಯದೆ ಮೀನಿನ ಮೇಲೆ ನೀರು ಚಿಮುಕಿಸತೊಡಗಿದರು.

"ತಿಜಾನಿ ಕಾಕಾ, ಇದಕ್ಕೆಷ್ಟು?"

"ತಗೊಂಡ್ಹೋಗು ಮಗಳೇ. ನಿನ್ನ ಹತ್ರ ದುಡ್ಡಿಗೆ ಹೇಗೆ ಕೈ ಚಾಚಲಿ?"

ನಿಮ್ಮ ಮುಖ ಕೆಂಪಾಯಿತು. "ನಾನೇನು ಭಿಕ್ಷೆಗೆ ಬಂದಿದೀನಾ? ನನ್ನ ತಮ್ಮನ ಹೆಂಡತಿ ದಾಟೋ ಮೀನು ಇದು. ಬೆಲೆ ಹೇಳಿ!"

ಅವರು ತಗ್ಗಿದ ದನಿಯಲ್ಲಿ ಏನೋ ಒಂದು ಅಗ್ಗದ ಬೆಲೆ ಹೇಳಿದರು. ನೀವು ಬಿಡಲಿಲ್ಲ. "ಇಷ್ಟು ಕಮ್ಮಿಗಾ? ಹಾಗಾದ್ರೆ ನಿನ್ನೇದಿರಬೇಕು. ಮದುಮಗಳ ಕಾಲಡಿಗೆ ಕೊಳೆತ ಮೀನು ಹಾಕ್ತೀರಾ?"

ಆ ಮುದುಕರ ಮೈಯಲ್ಲಿ ಮಿಂಚು ಹರಿದ ಹಾಗಾಯಿತು. "ನಿನ್ನೇದಾ? ನನ್ನ ಹಲಗೆ ಮೇಲೆ ನಿನ್ನೇ ಮೀನಾ? ಈ ಕಣ್ಣು ನೋಡು, ನಿನ್ನ ಕಣ್ಣಿಗಿಂತ ಚೆನ್ನಾಗಿ ಹೊಳೀತಿದೆ! ಈ ಕಿವಿರು ನೋಡು!"

"ಕಿವಿರಿಗೆ ಬಣ್ಣ ಹಚ್ಚಿದೀರೇನೋ, ಯಾರಿಗೆ ಗೊತ್ತು!"

"ಬಣ್ಣ ಹಚ್ಚೋದು ನಿಮ್ಮ ಬೀದಿ ಹೆಂಗಸರು ಕಣೇ, ನಾನಲ್ಲ!"

ಈಗ ಅವರು ನಿಜವಾದ ಬೆಲೆ ಹೇಳಿದರು. ಅಲ್ಲ, ನಿಜವಾದದ್ದಕ್ಕಿಂತಲೂ ಜಾಸ್ತಿ. "ಯಾಕೆ, ಹುರುಪೆಯೆಲ್ಲ ಬಂಗಾರದ್ದೇ?" ಎಂದು ನೀವು ಕಿರುಚಿದಿರಿ. ಬುಟ್ಟಿ ಎತ್ತಿಕೊಂಡು ಹೊರಟಿರಿ. ಅವರು ಕರೆದರು. ನೀವು ತಿರುಗಿ ಬಂದಿರಿ. ಅವರು ಸತ್ತ ತಾಯಿಯ ಆಣೆ ಇಟ್ಟರು, ನೀವು ಸೊಂಟದ ಮೇಲೆ ಕೈ ಇಟ್ಟಿರಿ. ಸುತ್ತ ಜನ ಸೇರಿದರು. "ಬಿಡಬೇಡ ನಜೀಹಾ!" ಎಂದು ಯಾರೋ ಕೂಗಿದರು. "ಕಾಕಾ, ಇನ್ನೊಂದು ಮಾತಾಡಿದ್ರೆ ಅಂಗಡೀನೂ ಬುಟ್ಟಿಗೆ ಹಾಕ್ಕೊಂಡು ಹೋಗ್ತಾಳೆ!" ಎಂದು ಇನ್ನೊಬ್ಬ. ಇಡೀ ಮಾರುಕಟ್ಟೆಗೆ ದನಿ ಮರಳಿತ್ತು. ಹಿಂದೆ "ಕುಣಿಯೋ ಮೀನು" ಎಂದು ಕೂಗುತ್ತಿದ್ದವನು ಮತ್ತೆ ಶುರುಮಾಡಿದ. ನಾನು ಬೆಕ್ಕಸಬೆರಗಾಗಿ ನಿಂತಿದ್ದೆ. ಜಗಳವನ್ನು ಯಾರಾದರೂ ಮರ್ಯಾದೆಯಂತೆ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ವ್ಯಾಪಾರ ಕುದುರಿತು. ತಿಜಾನಿ ಕಾಕಾ ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತ, ತಲೆ ಎತ್ತದೆ, ನಮಗಷ್ಟೇ ಕೇಳುವಂತೆ ಹೇಳಿದರು: "ಹಗ್ಗ ಅವನ ಕೈಗೆ ಸಿಕ್ಕಿತ್ತು ಮಗಳೇ. ಎಳೀತಾನೇ ಇದ್ದೆ. ಇನ್ನೇನು ಬಂದ ಅನ್ನೋವಾಗ ಜಾರಿತು."

ನೀವು ಬುಟ್ಟಿಯ ಒಂದು ಹಿಡಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ನೀವೇ ಹಿಡಿದು, "ಗೊತ್ತು ಕಾಕಾ" ಎಂದಿರಿ. ಎರಡು ಹೆಜ್ಜೆ ಹೋಗಿ ತಿರುಗಿ, "ನಾಳಿದ್ದು ಬರ್ತೀನಿ. ಒಳ್ಳೇ ಬೂತಾಯಿ ತೆಗೆದಿಡಿ" ಎಂದು ಮತ್ತೆ ಮುಂದೆ ನಡೆದಿರಿ. ಆ ಮನುಷ್ಯ ಒದ್ದೆ ಕೈಗಳಲ್ಲೇ ಮುಖ ಮುಚ್ಚಿಕೊಂಡರು. ನೀವು ಅದನ್ನು ನೋಡಲಿಲ್ಲ. ನಾನು ನೋಡಿದೆ. ನಿಮಗೆ ಹೇಳಬೇಕೆಂದಿದ್ದುದು ಇದೇ.

ಮನೆಯ ಬಾಗಿಲಲ್ಲಿ ಅತ್ತೆಯವರು ಹಿಟ್ಟಿನ ಕೈಯಲ್ಲಿ ನಿಂತಿದ್ದರು. ಬಟ್ಟೆ ಸರಿಸಿ ನೋಡಿದರು. ಮೀನನ್ನು ನೋಡಿದರು, ನಿಮ್ಮನ್ನು ನೋಡಿದರು, ಮತ್ತೆ ಮೀನನ್ನು ನೋಡಿದರು. ಬೈಗುಳಕ್ಕೆ ನಾನು ಕಿವಿ ಗಟ್ಟಿಮಾಡಿಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀನು ತಿಂತೀಯಾ?"

"ತಿಂತೀನಮ್ಮ. ಯಾವತ್ತೋ ತಿಂದಿರ್ತಿದ್ದೆ. ನಿನಗೆ ವಾಸನೆ ಬಂದ್ರೇ ಸಂಕಟ ಆಗುತ್ತೆ ಅಂತ ಸುಮ್ಮನಿದ್ದೆ."

"ನನಗಾ? ನನಗೆ ಯಾಕೆ ಸಂಕಟ?" ಅತ್ತೆಯವರ ದನಿ ಏರಿತು. "ನಿನಗೋಸ್ಕರ ಕಣೇ ನಾನು ಬಾಯಿ ಕಟ್ಟಿಕೊಂಡು ಕೂತಿದ್ದು! ಹಲ್ಲೂಮಾಳ ಮನೆ ಸಾರಿನ ವಾಸನೆ ಕುಡಿದು ಕುಡಿದು ಬದುಕಿದೀನಿ ಆರು ವರ್ಷ! ಒಂದು ಮಾತು ಹೇಳೋಕೇನಾಗಿತ್ತು ನಿನಗೆ?"

"ನೀನು ಹೇಳಬಹುದಿತ್ತಲ್ಲ!"

ತಾಯಿ ಮಗಳು ಹೊಸಿಲಲ್ಲೇ ನಿಂತು ಒಬ್ಬರನ್ನೊಬ್ಬರು ಬೈದುಕೊಂಡಿರಿ. ಬೈಯುತ್ತ ಬೈಯುತ್ತ ನಕ್ಕಿರಿ, ನಗುತ್ತ ನಗುತ್ತ ಅತ್ತಿರಿ. ನಡುವೆ ನಾನೊಬ್ಬಳೇ ಆ ಭಾರೀ ಮೀನನ್ನು ಹಿಡಿದುಕೊಂಡು ತೋಳು ನೋಯಿಸಿಕೊಳ್ಳುತ್ತಿದ್ದೆ.

ಅಂಗಳದಲ್ಲಿ ನಾನೂ ಶಾಕಿರೂ ಮೀನು ದಾಟಿದೆವು. ಹಲ್ಲೂಮಾಳೇ ಎಲ್ಲರಿಗಿಂತ ಜೋರಾಗಿ ನಾಲಿಗೆ ಹೊರಳಿಸಿ ಉಲುಲು ಎಂದು ಸಂಭ್ರಮದ ಕೂಗು ಹಾಕಿದಳು. ಆಮೇಲೆ ಅತ್ತೆಯವರು ನಮ್ಮಿಬ್ಬರನ್ನೂ ಅಡುಗೆಮನೆಯಿಂದ ಓಡಿಸಿ ತಾವೇ ಸಾರು ಕುದಿಸಿದರು. ಜವೆ ರೊಟ್ಟಿ ಮುರಿದು ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತೆವು. ಮೊದಲ ತುಂಡನ್ನು ಅತ್ತೆಯವರು ನಿಮ್ಮ ಮುಂದೆ ಸರಿಸಿದರು. ನೀವು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದಿರಿ. ಮರುಗಳಿಗೆ ಗಂಟಲು ಹಿಡಿದುಕೊಂಡು, "ಮುಳ್ಳು ಸಿಕ್ಕಿತು" ಎಂದು ಎದ್ದು ಹಿತ್ತಲಿಗೆ ಹೋದಿರಿ. ನಾನು ನೀರು ತರಲು ಏಳಹೋದೆ. ಅತ್ತೆಯವರು ನನ್ನ ಕೈ ಹಿಡಿದು ಕೂರಿಸಿದರು. ನೀವು ಮುಖ ತೊಳೆದುಕೊಂಡು ಬಂದಿರಿ. ಕೂತು ತಟ್ಟೆ ಖಾಲಿಯಾಗುವವರೆಗೂ ಊಟ ಮಾಡಿದಿರಿ.

ಮನ್ನಾನಿಯಲ್ಲಿ ಗಂಟಲಿಗೆ ಸಿಕ್ಕುವಂಥ ಸಣ್ಣ ಮುಳ್ಳೇ ಇರುವುದಿಲ್ಲವೆಂದು ಎಷ್ಟೋ ದಿನಗಳ ಮೇಲೆ ನನಗೆ ಮೀನು ಕೊಯ್ಯುವುದನ್ನು ಕಲಿಸುತ್ತ ನೀವೇ ಹೇಳಿದಿರಿ. ಹೇಳಿ, ನನ್ನ ಮುಖ ನೋಡಿ, ಚೂರಿ ಮಸೆಯುವ ನೆಪದಲ್ಲಿ ತಿರುಗಿಕೊಂಡಿರಿ.

ನಿಮ್ಮ ಹೊಸ ಮನೆಯ ಕಿಟಕಿ ತೆರೆದರೆ ಕಡಲೇ ಕಾಣುತ್ತದಂತೆ. ದೇವರು ಅದನ್ನು ನಿಮ್ಮ ಪಾಲಿಗೆ ಶಾಂತವಾಗಿಡಲಿ, ಆ ಮನೆಯಲ್ಲಿ ನಿಮ್ಮ ನಗು ಬೀದಿಗೆ ಕೇಳುವಷ್ಟು ಜೋರಾಗಿರಲಿ.

ನಿಮ್ಮ ತಮ್ಮನ ಹೆಂಡತಿ, ನಿಮ್ಮ ಹೆಮ್ಮೆಯ ಅಭಿಮಾನಿ,
ಮುನಿಯಾ