ಬಾಟಲಿಯಲ್ಲಿ ಗೋಧಿ ಇರಲಿಲ್ಲ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೨, ಗುರುವಾರ

ರೀ,

ಕಾಗದದಲ್ಲಿ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ‘ಪ್ರೀತಿಯ ಪತಿಯವರಿಗೆ’ ಎಂದು ಬರೆದು ನೋಡಿದೆ, ಯಾರೋ ಬೇರೆ ಗಂಡಸಿಗೆ ಬರೆದ ಹಾಗೆ ಕಂಡಿತು. ಇಷ್ಟು ವರ್ಷ ಒಂದೇ ಅಕ್ಷರದಲ್ಲಿ ಕೂಗಿದ್ದೇನೆ, ನೀವೂ ಓಗೊಟ್ಟಿದ್ದೀರಿ. ಅದನ್ನೇ ಬರೆದಿದ್ದೇನೆ. ಪ್ರೀತಿ ಅದರಲ್ಲೇ ಇದೆ. ಈ ಸಲ ಕೋಪವೂ ಇದೆ.

ಹೇಗಿದ್ದೀರಿ? ಬಲಗೈ ಭುಜದ ನೋವು ಕಡಿಮೆಯಾಗಿದೆಯೇ? ಹಿಟ್ಟು ನಾದದೆ ಇದ್ದರೆ ನೋವು ತಾನಾಗಿ ಹೋಗುತ್ತದೆ ಎಂದು ಭಾವ ಹೇಳುತ್ತಿದ್ದರು, ಆದರೆ ಅಕ್ಕ ಫೋನಿನಲ್ಲಿ ಹೇಳಿದ್ದು ಬೇರೆ. ಬೆಳಗಿನ ಜಾವ ಎಂದಿನಂತೆ ಎದ್ದು, ಮಾಡಲು ಏನೂ ತೋಚದೆ, ಅವರ ಮನೆಯ ಪಾತ್ರೆಗಳನ್ನೆಲ್ಲ ಗಾತ್ರದ ಪ್ರಕಾರ ಜೋಡಿಸಿಡುತ್ತೀರಂತೆ. ಭಾವನ ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗೆ ತೋರಿಸುವಾಗ ಟೈಲನ್ನು ಅಂಗೈಯಿಂದ ತಟ್ಟಿ ನೋಡುತ್ತೀರಂತೆ. ಬೆಂದಿದೆಯೋ ಇಲ್ಲವೋ ಅಂತಲೇ? ಅಕ್ಕ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಇಲ್ಲಿ ಅತ್ತೆ ಗಟ್ಟಿಯಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ. ಇದು ನಿಮ್ಮ ಸಮಾಧಾನಕ್ಕೆ ಹೇಳುವ ಮಾತು ಎಂದುಕೊಂಡು ಮುಂದಕ್ಕೆ ಓದಿಬಿಡಬೇಡಿ. ನಾನು ನಿಜವಾಗಿ ಚೆನ್ನಾಗಿದ್ದೇನೆ, ಯಾಕೆ ಚೆನ್ನಾಗಿದ್ದೇನೆ ಎಂದು ಹೇಳುವುದಕ್ಕೇ ಈ ಕಾಗದ. ಫೋನು ಮಾಡಿದರೆ ನೀವು ‘ಹ್ಞೂ, ಹ್ಞೂ, ಔಷಧಿ ತಗೊ’ ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಹ್ಞೂ ಎಂದರೂ ಅದು ತನ್ನ ಮಾತು ನಿಲ್ಲಿಸುವುದಿಲ್ಲ.

ಬರುವ ಸೋಮವಾರ ಆ ಮೊಬೈಲ್ ಅಂಗಡಿಯವನು ಅಲ್ಲಿಗೇ ಬರುತ್ತಾನೆ, ನೀವು ಬೇಕರಿಯನ್ನು ಅವನಿಗೆ ಬರೆದುಕೊಡುತ್ತೀರಿ. ಅವನು ಒಲೆ ಒಡೆಸಿ, ಗೋಡೆ ತೊಳೆಸಿ, ಬಣ್ಣ ಹೊಡೆಸಿದ ಮೇಲೆ ನೀವು ಮನೆಗೆ ಕಾಲಿಡುತ್ತೀರಿ. ಇದು ನೀವೂ ಭಾವನೂ ಕೂತು ಮಾಡಿದ ತೀರ್ಮಾನ. ಹೊಟ್ಟೆ ಯಾರದು? ನನ್ನದು. ಆ ತೀರ್ಮಾನದಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಇದ್ದಿರಿ. ‘ನಿನ್ನ ಜೀವಕ್ಕಿಂತ ಬೇಕರಿ ದೊಡ್ಡದಲ್ಲ ಕಣೇ’ ಎಂದು ಬಾಗಿಲಲ್ಲಿ ನಿಂತು ಹೇಳಿ ಚೀಲ ಎತ್ತಿಕೊಂಡಿರಿ. ಸಿನಿಮಾದಲ್ಲಿ ಆಗಿದ್ದರೆ ನಾನು ಅಳಬೇಕಿತ್ತು. ನನಗೆ ನಿಮ್ಮ ಚೀಲ ಕಿತ್ತುಕೊಂಡು ಒಳಗೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದೆನಾದ್ದರಿಂದ ನಿಮಗೆ ಅದು ಕಾಣಲಿಲ್ಲ.

ಸಿಟ್ಟು ಯಾಕೆ ಎಂದು ಕೇಳಿ. ಗೋಧಿಯಲ್ಲಿರುವ ಗ್ಲುಟನ್ ಎನ್ನುವ ಅಂಟು ನನ್ನ ಕರುಳಿಗೆ ಆಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ ದಿನದಿಂದ ನೀವು ನೀವಾಗಿ ಉಳಿದಿಲ್ಲ. ಅಂದು ಮನೆಯ ಮೆಟ್ಟಿಲ ಮೇಲೆ ಕೂತು, ‘ಇಷ್ಟು ವರ್ಷ ನಾನೇ ಕೈಯಾರೆ ನಿಂಗೆ ವಿಷ ಹಾಕ್ದೆ’ ಎಂದಿರಿ. ದಿನಾ ಮೊದಲ ಒಬ್ಬೆಯ ಮೊದಲ ಬನ್ನನ್ನು ಬಟ್ಟೆಯಲ್ಲಿ ಸುತ್ತಿ ನನಗೆ ತಂದುಕೊಡುತ್ತಿದ್ದಿರಲ್ಲ, ಅದನ್ನು ನೆನೆಸಿಕೊಂಡು. ಈಗ ಹೇಳುತ್ತೇನೆ ಕೇಳಿ: ಆ ಬನ್ನುಗಳನ್ನು ವಿಷ ಎಂದು ಕರೆಯಲು ನಿಮಗೆ ಅಧಿಕಾರವಿಲ್ಲ. ತಿಂದವಳು ನಾನು. ನನ್ನ ಕರುಳಿಗೆ ಆಗಲಿಲ್ಲ, ಅದು ಕರುಳಿನ ಹಣೆಬರಹ. ಅದರಲ್ಲಿ ನಿಮ್ಮ ತಪ್ಪೂ ಇಲ್ಲ, ಬನ್ನಿನ ತಪ್ಪೂ ಇಲ್ಲ.

ಆಮೇಲೆ ನೀವು ಮಾಡಿದ್ದು ಒಂದೆರಡೇ? ಮನೆಗೂ ಬೇಕರಿಗೂ ನಡುವೆ ಇದ್ದ ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿಸಿದಿರಿ. ಅಡುಗೆಮನೆಗೆ ಗೋಧಿಯ ಕಾಳು ಬಾರದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿರಿ. ಕೆಲಸ ಮುಗಿಸಿ ಹಿತ್ತಲಲ್ಲೇ ಬಟ್ಟೆ ಬಿಚ್ಚಿ, ನಲ್ಲಿಯ ಕೆಳಗೆ ಕೂತು, ಕಿವಿಯ ಸಂದಿನಲ್ಲಿದ್ದ ಹಿಟ್ಟನ್ನೂ ಒದ್ದೆ ಬಟ್ಟೆಯಿಂದ ತೆಗೆದು ಒಳಗೆ ಬರುತ್ತಿದ್ದಿರಿ. ಹುಬ್ಬು ಬೋಳಿಸಿಕೊಳ್ಳಲೇ ಎಂದು ಕೇಳಿದ್ದೂ ಉಂಟು. ಇದೆಲ್ಲ ಬೇಕಿತ್ತು, ಇದರಿಂದ ನನಗೆ ಒಳ್ಳೆಯದೇ ಆಯಿತು, ತೂಕ ಏರಿತು, ತಲೆಕೂದಲು ಉದುರುವುದು ನಿಂತಿತು. ಆದರೆ ಹೊಟ್ಟೆ ಮಾತ್ರ ಪೂರ್ತಿ ಸುಮ್ಮನಾಗಲಿಲ್ಲ. ಉಬ್ಬರ, ಹುಳಿತೇಗು, ನುಲಿತ, ವಾರಕ್ಕೆರಡು ಸಲ ಭೇದಿ. ನಮ್ಮದು ಹಿಟ್ಟಿನ ಮನೆ. ಹೊಟ್ಟೆ ಉಬ್ಬಿದಾಗಲೆಲ್ಲ ನೀವು ಹಿಟ್ಟನ್ನೇ ಹುಡುಕುತ್ತಿದ್ದಿರಿ, ಕಿಟಕಿಯ ಸಂದಿನಲ್ಲಿ, ಫ್ಯಾನಿನ ರೆಕ್ಕೆಯ ಮೇಲೆ, ಕೊನೆಗೆ ನಿಮ್ಮ ಮೈಮೇಲೆ. ಹಿಟ್ಟು ಸಿಗದಿದ್ದಾಗ ನೀವೇ ಹಿಟ್ಟು ಎಂದು ತೀರ್ಮಾನಿಸಿದಿರಿ.

ಹೀಗೆ ಹುಡುಕಿ ಸೋತ ಪ್ರತಿ ಸಂಜೆ ನನಗೇನು ಕೊಡುತ್ತಿದ್ದಿರಿ ನೆನಪಿದೆಯೇ? ಕೂಲ್‌ಡ್ರಿಂಕಿನ ತಣ್ಣನೆಯ ಬಾಟಲಿ. ಕಿತ್ತಳೆ ಬಣ್ಣದ್ದು ಒಂದು ದಿನ, ಕಪ್ಪು ಒಂದು ದಿನ, ಸಕ್ಕರೆ ಹೆಚ್ಚಾಯಿತೇನೋ ಎನಿಸಿದ ಮೇಲೆ ಸಕ್ಕರೆ ಇಲ್ಲದ್ದು. ಬನ್ನು ಕೊಡಲಾಗದವರು ಏನಾದರೂ ಕೊಡಬೇಕಲ್ಲ. ಚಿಲಕದ ಅಂಚಿಗೆ ಮುಚ್ಚಳ ತಾಗಿಸಿ ಟಪ್ಪನೆ ತೆಗೆದು, ಬಾಗಿಲಲ್ಲೇ ನಿಂತು, ಮೇಜಿನ ಮೇಲೆ ನನ್ನ ಕಡೆ ಜಾರಿಸುತ್ತಿದ್ದಿರಿ. ‘ಕುಡಿ, ಇದ್ರಲ್ಲಿ ಒಂದು ಚೂರೂ ಗೋಧಿ ಇಲ್ಲ, ಓದಿ ನೋಡೇ ತಂದಿದ್ದು.’ ನಿಜ, ನೀವು ಕನ್ನಡಕ ಹಾಕಿಕೊಂಡು ಬಾಟಲಿಯ ಮೇಲಿನ ಇರುವೆ ಅಕ್ಷರಗಳನ್ನೆಲ್ಲ ಓದುತ್ತಿದ್ದಿರಿ. ನಾನೂ ಕುಡಿಯುತ್ತಿದ್ದೆ. ಮದುವೆ ಮನೆಗಳಲ್ಲಿ, ನೆಂಟರ ಮನೆಗಳಲ್ಲಿ ಎಲ್ಲರೂ ಕೇಕು ತಿನ್ನುವಾಗ ನನ್ನ ಕೈಗೆ ಸಿಗುತ್ತಿದ್ದದ್ದೂ ಅದೇ. ಊಟ ಸೇರದ ದಿನ ಊಟದ ಬದಲಿಗೂ ಅದೇ. ಗೋಧಿ ಇಲ್ಲ ಎಂದ ಮೇಲೆ ನಮಗೆ ಬೇರೆ ಪ್ರಶ್ನೆಯೇ ಇರಲಿಲ್ಲ.

ನೀವು ಹೊರಟುಹೋದ ಮೇಲೆ ಬೇಕರಿಗೆ ಬೀಗ ಬಿತ್ತು. ನಿಮ್ಮ ಜೊತೆ ಹಿಟ್ಟು ನಾದುವ ದೊಡ್ಡಕೈ ರಜೆಯ ಮೇಲೆ ಅಳಿಯನ ಮನೆಗೆ ಹೋದ. ಹಿಟ್ಟಿನ ಮೂಟೆಗಳೂ ಹೋದವು. ಮನೆಯಲ್ಲಿ ಗೋಧಿಯ ಗಾಳಿಯೂ ಇಲ್ಲ, ಗೋಧಿ ಮುಟ್ಟಿದ ಮನುಷ್ಯನೂ ಇಲ್ಲ. ಇನ್ನೇನು, ನನ್ನ ಹೊಟ್ಟೆ ತಣ್ಣಗಾಗಬೇಕಲ್ಲ? ಮೊದಲ ವಾರ ಇನ್ನೂ ಜೋರಾಯಿತು. ನೀವಿಲ್ಲದ ಬೇಜಾರಿಗೆ, ನೀವೇ ಇಟ್ಟುಹೋದ ಕ್ರೇಟಿನಿಂದ ಮಧ್ಯಾಹ್ನ ಒಂದು, ಸಂಜೆ ಒಂದು ಕುಡಿಯುತ್ತಿದ್ದೆ ನೋಡಿ. ಕ್ರೇಟು ಖಾಲಿಯಾಯಿತು. ಹೊಸದು ತರಲು ಯಾರೂ ಇರಲಿಲ್ಲ, ನನಗೆ ಹೋಗಲು ಸೋಮಾರಿತನ. ಬರೀ ನೀರು ಕುಡಿದುಕೊಂಡು ಇದ್ದೆ. ಒಂದು ಬೆಳಗ್ಗೆ ಅತ್ತೆ ಅಡುಗೆಮನೆಗೆ ಬಂದು, ‘ಏನೇ, ನಾಲ್ಕು ದಿನದಿಂದ ನಿನ್ನ ತೇಗು ಕೇಳಿಸ್ತಿಲ್ಲ?’ ಎಂದರು. ಆಗ ನಾನು ಸೌಟು ಕೆಳಗಿಟ್ಟು, ಬಾಟಲಿಗಳು ಮುಗಿದು ಎಷ್ಟು ದಿನವಾಯಿತೆಂದು ಬೆರಳು ಮಡಿಸಿ ಎಣಿಸಿದೆ.

ಗುಮಾನಿ ಬಂದ ಮೇಲೆ ಸುಮ್ಮನಿರುವವಳೇ ನಾನು? ಭಾನುವಾರ ನಾನೇ ಹೋಗಿ ಒಂದು ಬಾಟಲಿ ತಂದು, ಅತ್ತೆಯನ್ನು ಎದುರಿಗೆ ಸಾಕ್ಷಿಗೆ ಕೂರಿಸಿಕೊಂಡು ಕುಡಿದೆ, ಸಕ್ಕರೆ ಇಲ್ಲದ್ದು. ಕುಕ್ಕರ್ ಆರುವಷ್ಟರಲ್ಲಿ ಹೊಟ್ಟೆ ತಮಟೆಯಾಯಿತು. ಅತ್ತೆ ನನ್ನ ಹೊಟ್ಟೆಗೆ ಕಿವಿಯಿಟ್ಟು ಕೇಳಿ, ‘ಒಳಗೆ ಯಾರೋ ಸಾಮಾನು ಸಾಗಿಸ್ತಿದಾರೆ ಕಣೇ’ ಎಂದರು. ಆ ಸಂಜೆ ಬಚ್ಚಲಿಗೂ ಕೋಣೆಗೂ ಓಡಾಡಿದ್ದೇ ಓಡಾಡಿದ್ದು. ಅಷ್ಟು ನೋವಿನಲ್ಲೂ ನನಗೆ ಖುಷಿ. ಮದುವೆಯಾದಂದಿನಿಂದ ಹೊಟ್ಟೆನೋವಿಗೆ ನಾನು ಅಷ್ಟು ನಕ್ಕಿದ್ದಿಲ್ಲ.

ಮರುದಿನ ಡಾಕ್ಟರಮ್ಮನ ಹತ್ತಿರ ಹೋದೆ. ರಕ್ತ ಕೊಟ್ಟೆ, ನಿನ್ನೆ ರಿಪೋರ್ಟ್ ಬಂತು. ಗೋಧಿ ಒಳಗೆ ಹೋಗುತ್ತಿದ್ದರೆ ರಕ್ತದಲ್ಲಿ ಏರುವ ಅಂಶ ಏರಿಲ್ಲ, ಆರೋಗ್ಯವಂತರಿಗೆ ಇರುವಷ್ಟೇ ಇದೆ. ಅಂದರೆ ನಿಮ್ಮ ನಲ್ಲಿ ಸ್ನಾನ, ಇಟ್ಟಿಗೆ ಗೋಡೆ, ಕಿವಿಯ ಸಂದಿ ಎಲ್ಲವೂ ಕೆಲಸ ಮಾಡಿವೆ. ಏರಿದ ಅಂಶ ಇಳಿಯಲು ತಿಂಗಳುಗಳೇ ಬೇಕಂತೆ, ಹಾಗಾಗಿ ಬೇಕರಿ ನಡೆಯುತ್ತಿದ್ದಾಗಲೂ ಹಿಟ್ಟು ನನ್ನನ್ನು ಮುಟ್ಟಿಲ್ಲ. ಮತ್ತೆ ಬಾಟಲಿ? ‘ಬಾಟಲೀಲಿ ಗೋಧಿ ಇಲ್ಲಮ್ಮ, ಬರೆದಿರೋದು ನಿಜಾನೇ. ಆದ್ರೆ ಗೋಧಿ ಇಲ್ಲ ಅಂದ ಮಾತ್ರಕ್ಕೆ ನಿಮ್ಮ ಹೊಟ್ಟೆಗೆ ಹಿಡಿಸ್ಬೇಕು ಅಂತ ಎಲ್ಲಿದೆ?’ ಎಂದರು. ಗಾಯ ಮಾಯ್ದರೂ ನನ್ನ ಕರುಳು ಇನ್ನೂ ನಾಜೂಕು, ಆ ಗ್ಯಾಸು, ಅಷ್ಟೊಂದು ಸಕ್ಕರೆ, ಸಕ್ಕರೆಯ ಬದಲು ಹಾಕುವ ಸಿಹಿ, ಇವು ಕೆಲವರಿಗೆ ಒಗ್ಗುವುದಿಲ್ಲವಂತೆ, ನನಗೂ ಒಗ್ಗುತ್ತಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ‘ನೀವು ಏನು ತಿಂತೀರಿ ಅಂತ ಹೇಳಿದ್ರಿ, ಏನು ಕುಡೀತೀರಿ ಅಂತ ಹೇಳ್ಲೇ ಇಲ್ವಲ್ಲ’ ಎಂದರು. ಸರಿಯೇ, ಹೇಳಿರಲಿಲ್ಲ. ಅದನ್ನು ಹೇಳುವಂಥದ್ದು ಎಂದೇ ನಮಗೆ ಅನಿಸಿರಲಿಲ್ಲ.

ಬೇಕರಿ ತೆರೆಯಬಹುದೇ ಎಂದು ಬಿಡಿಸಿ ಬಿಡಿಸಿ ಕೇಳಿದ್ದೇನೆ. ನಾದುವ ಕೋಣೆಗೆ ನಾನು ಕಾಲಿಡಬಾರದು, ಮಾಡುತ್ತಿದ್ದ ಶುಚಿಯನ್ನು ಬಿಡಬಾರದು, ರಕ್ತದ ಪರೀಕ್ಷೆ ತಪ್ಪಿಸಬಾರದು. ಅಷ್ಟು ಮಾಡಿಕೊಂಡು ಧಾರಾಳವಾಗಿ ನಡೆಸಿ ಎಂದರು. ಬೇಕರಿ ಮಾರಿಬಿಡಿ ಎಂದು ಅವರು ಒಮ್ಮೆಯೂ ಹೇಳಿಲ್ಲ. ಹೇಳಿದ್ದು ಭಾವ.

ನಿಮಗೆ ಈಗ ಹೊಸ ಕೊರಗು ಶುರುವಾಗುತ್ತದೆ, ನನಗೆ ಗೊತ್ತು. ಹಿಟ್ಟು ಹೋಗಿ ಬಾಟಲಿ ಬಂತು, ಅದನ್ನು ಕೊಟ್ಟದ್ದೂ ನಾನೇ ಎಂದು ಅಲ್ಲಿನ ಮೆಟ್ಟಿಲ ಮೇಲೆ ಕೂತುಬಿಡುತ್ತೀರಿ. ದಯವಿಟ್ಟು ಕೂರಬೇಡಿ. ಬಾಯಿ ತೆರೆದು ಕುಡಿದವಳು ನಾನು, ಇನ್ನೊಂದು ಇದೆಯೇ ಎಂದು ಕೇಳಿದವಳೂ ನಾನೇ. ನಿಮ್ಮ ತಪ್ಪು ಬೇರೆ ಇದೆ. ನಾನು ಹುಷಾರಾಗಬೇಕು ಎಂದು ನಿಮ್ಮನ್ನೇ ನನ್ನಿಂದ ದೂರ ಮಾಡಿಕೊಂಡಿರಿ. ಆ ಇಟ್ಟಿಗೆ ಗೋಡೆ ನನಗೆ ಬೇಕಿತ್ತು, ಒಪ್ಪಿದೆ. ಆದರೆ ಸ್ನಾನ ಮಾಡಿ ಬಂದ ಮೇಲೂ ಎರಡು ಮಾರು ದೂರ ನಿಲ್ಲುವುದು, ನಡುಮನೆಯಲ್ಲಿ ಚಾಪೆ ಹಾಸಿಕೊಳ್ಳುವುದು, ನನ್ನ ಹಣೆ ಮುಟ್ಟಿ ಜ್ವರ ನೋಡಲೂ ಅತ್ತೆಯನ್ನು ಕರೆಯುವುದು, ಇದನ್ನು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಒಂದು ವರ್ಷ ನಾನು ಗಂಡನಿದ್ದೂ ಒಬ್ಬಳೇ ಇದ್ದೆ. ಹೊಟ್ಟೆನೋವಿಗಿಂತ ಅದೇ ಹೆಚ್ಚು ನೋಯಿಸಿತು. ಈಗ ಅದಕ್ಕೆ ಕಿರೀಟ ಇಟ್ಟಂತೆ ಬೇಕರಿಯನ್ನೂ ಮಾರಿ ನನ್ನ ತಲೆಗೆ ಕಟ್ಟುತ್ತೀರಾ? ನಾಳೆ ಊರೆಲ್ಲ, ‘ಪಾಪ, ಹೆಂಡತಿಗೋಸ್ಕರ ಎಲ್ಲ ಬಿಟ್ಟ’ ಎಂದು ನಿಮ್ಮನ್ನು ಹೊಗಳುತ್ತದೆ. ನಾನು ಆ ಹೊಗಳಿಕೆಯ ಕೆಳಗೆ ಸಾಯುವವರೆಗೂ ಕೂರಬೇಕು. ಜಪ್ಪಯ್ಯ ಎಂದರೂ ಕೂರುವುದಿಲ್ಲ. ನಿಮ್ಮ ತ್ಯಾಗ ನನಗೆ ಬೇಡ. ತ್ಯಾಗಕ್ಕಿಂತ ನೀವು ಬೈಯುತ್ತಾ, ಬೆವರುತ್ತಾ, ಒಲೆ ಸರಿಯಿಲ್ಲ ಎಂದು ಗೊಣಗುತ್ತಾ ಇದ್ದದ್ದೇ ಎಷ್ಟೋ ವಾಸಿ.

ಬಾಟಲಿಗಳಿಗೆ ಕೈಮುಗಿದಾಯಿತು. ನೆಂಟರ ಮನೆಯಲ್ಲಿ ಯಾರಾದರೂ ‘ಒಂದೇ ಒಂದು ಗುಟುಕು, ಏನಾಗಲ್ಲ’ ಎಂದು ಬಲವಂತ ಮಾಡಿದರೆ, ನನ್ನ ಹೊಟ್ಟೆಯ ಕಥೆಯನ್ನು ವಿವರವಾಗಿ ಹೇಳುವುದೆಂದು ತೀರ್ಮಾನಿಸಿದ್ದೇನೆ. ಎರಡನೇ ಸಲ ಯಾರೂ ಕೇಳಲಾರರು.

ಭಾವನಿಗೂ ಅಕ್ಕನಿಗೂ ನನ್ನ ನಮಸ್ಕಾರ. ಭಾವನಿಗೆ ಈ ಕಾಗದ ತೋರಿಸಬೇಕು ಅನ್ನಿಸಿದರೆ ಧಾರಾಳವಾಗಿ ತೋರಿಸಿ, ಭೇದಿಯ ಭಾಗವನ್ನೂ ಸೇರಿಸಿ. ನಿಮ್ಮಮ್ಮ ಆಶೀರ್ವಾದ ತಿಳಿಸು ಎಂದಿದ್ದಾರೆ, ‘ಬುದ್ಧಿ ಬರಲಿ ಅಂತಾನೂ ಬರಿ’ ಎಂದರು, ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳಿ.

ನಿಮ್ಮ,
ಹಠಮಾರಿ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಬಿಡಿಸಿ ಬರೆಯುತ್ತಿದ್ದೇನೆ. ಮಾರಬೇಡಿ ಎಂದು ನಿಮ್ಮನ್ನು ಬೇಡಿಕೊಳ್ಳಲು ಇಷ್ಟುದ್ದ ಬರೆದೆ ಎಂದುಕೊಂಡಿರಬೇಕು. ಅಲ್ಲ. ಇವತ್ತು ಬೆಳಗ್ಗೆ ಮೊಬೈಲ್ ಅಂಗಡಿಯವನು ಗೋಡೆ ಅಳೆಯಲು ಟೇಪು ಹಿಡಿದು ಬಂದಿದ್ದ. ಬೇಕರಿ ಮಾರುವುದಿಲ್ಲ ಎಂದೆ. ‘ಯಜಮಾನ್ರು ಮಾತು ಕೊಟ್ಟಿದಾರೆ’ ಎಂದ. ‘ಯಜಮಾನ್ತಿ ಕೊಟ್ಟಿಲ್ಲ’ ಎಂದೆ. ಅತ್ತೆಯೂ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತರು. ಬೇರೆ ಜಾಗ ನೋಡಿಕೊಳ್ಳುತ್ತೇನೆ ಎಂದು ಹೋದ, ಸೋಮವಾರ ಅಲ್ಲಿಗೂ ಬರುವುದಿಲ್ಲ. ದೊಡ್ಡಕೈಗೆ ಹೇಳಿ ಕಳಿಸಿದ್ದೇನೆ, ನಾಳೆಯಿಂದ ಒಲೆ ಉರಿಯುತ್ತದೆ. ನಿಮಗೆ ಕೋಪ ಬಂದಿರುತ್ತದೆ, ಬರಲಿ. ಆದರೆ ಫೋನಿನಲ್ಲಿ ಬೈದರೆ ನಾನು ಕೇಳಿಸಿಕೊಳ್ಳುವುದಿಲ್ಲ. ಮನೆಗೆ ಬಂದು, ಬೇಕಾದರೆ ಮೊದಲು ಸ್ನಾನ ಮಾಡಿ, ನನ್ನ ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು ಬೈಯಿರಿ.